ಎಲೆಕ್ಟ್ರಿಕ್ ಆರ್‌ಸಿ ಹೆಲಿಕಾಪ್ಟರ್, ಯಾವ ಸೈಜ್ ತಗೊಳ್ಳಲಿ? ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ರಿಮೋಟಿನ ಹೆಲಿ ಹಾರಿಸುವುದನ್ನು ಕಲಿಯಬೇಕು ಅಂತ ಆಸೆ ಇಟ್ಟುಕೊಂಡು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಸೈಜಿನದ್ದೇ. ನಾನು ಮೊದಲು ಕೇಳುವುದು ಬೇರೆ: ಎಲ್ಲಿ ಹಾರಿಸುತ್ತೀರಿ, ವಾರಕ್ಕೆ ಎಷ್ಟು ಸಲ ಅಲ್ಲಿಗೆ ಹೋಗೋಕೆ ಆಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಸೈಜ್ ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನ ಆಗುತ್ತದೆ. ಕೈಯಲ್ಲಿರುವ ದುಡ್ಡು ನೋಡಿ, ಯೂಟ್ಯೂಬ್ ನೋಡಿ ಹೆಲಿ ಆರಿಸಿಕೊಂಡವರು ಬೇಗ ಬಿಟ್ಟುಬಿಡುತ್ತಾರೆ. ಜಾಗ ನೋಡಿ ಆರಿಸಿಕೊಂಡವರು ಉಳಿದುಕೊಳ್ಳುತ್ತಾರೆ.

450, 600, 700 ಅಂತಾರಲ್ಲ, ಅದು ಯಾವ ಲೆಕ್ಕ?

ದೊಡ್ಡ ಹೆಲಿಗಳಲ್ಲಿ ಈ ಸಂಖ್ಯೆ ಸುಮಾರಾಗಿ ಒಂದು ಮುಖ್ಯ ಬ್ಲೇಡಿನ ಉದ್ದ, ಮಿಲಿಮೀಟರ್‌ನಲ್ಲಿ. 600 ಅಂದರೆ 600 ಮಿ.ಮೀ. ಆಸುಪಾಸು, 700 ಅಂದರೆ 700 ಆಸುಪಾಸು. 450ಕ್ಕೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅದರ ಬ್ಲೇಡ್ 325 ಮಿ.ಮೀ., ರೋಟರ್ ಸುತ್ತುವಾಗಿನ ಅಡ್ಡಳತೆ ಸುಮಾರು 700 ಮಿ.ಮೀ. ತೈವಾನಿನ ಅಲೈನ್ ಕಂಪನಿಯ ಟಿ-ರೆಕ್ಸ್ 450 ಎಷ್ಟು ಹೆಸರು ಮಾಡಿತು ಅಂದರೆ, ಆ ಅಳತೆಯ ಯಾವ ಹೆಲಿಯನ್ನೂ ಜನ 450 ಅಂತಲೇ ಕರೆಯುವುದು ರೂಢಿಯಾಯಿತು.

ಇನ್ನೂ ಚಿಕ್ಕದರಲ್ಲಿ ಈ ಲೆಕ್ಕವೇ ಇಲ್ಲ. ಓಎಂಪಿ ಹಾಬಿ ಕಂಪನಿಯ ಎಂ1ಗೆ ರೋಟರ್ ಅಡ್ಡಳತೆ ಸುಮಾರು 290 ಮಿ.ಮೀ., ಎಂ2ಗೆ 400. ಹಾಗಾಗಿ ಪೆಟ್ಟಿಗೆ ಮೇಲಿನ ಸಂಖ್ಯೆ ನೋಡಬೇಡಿ. ರೋಟರ್ ಅಡ್ಡಳತೆ ಎಷ್ಟು, ಬ್ಯಾಟರಿ ಸಮೇತ ತೂಕ ಎಷ್ಟು, ಬ್ಯಾಟರಿ ಎಷ್ಟು ಎಸ್ (ಅಂದರೆ ಸಾಲಾಗಿ ಜೋಡಿಸಿದ ಸೆಲ್ ಎಷ್ಟು), ಈ ಮೂರನ್ನು ನೋಡಿ.

ಸುತ್ತಿ ಬಳಸಬೇಡಿ, ಹೊಸಬರಿಗೆ ಯಾವುದು ಹೇಳಿ.

ಕಂಪ್ಯೂಟರಿನಲ್ಲೇ ಹಾರಿಸಿ ಅಭ್ಯಾಸ ಮಾಡುವ ಸಿಮ್ಯುಲೇಟರ್ ಒಂದು, ಜೊತೆಗೆ ಎಂ1 ಅಥವಾ ಎಕ್ಸ್‌ಕೆ ಕೆ110 ಥರದ ಚಿಕ್ಕ ಕಲೆಕ್ಟಿವ್ ಪಿಚ್ (ಬ್ಲೇಡಿನ ಓರೆ ಬದಲಿಸಿ ಏರಿಳಿಯುವ) ಹೆಲಿ ಒಂದು. ಊರ ಹೊರಗೆ ಜಮೀನೋ ದೊಡ್ಡ ಬಯಲೋ ಇದ್ದು, ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುವವರಾದರೆ ಎಂ2 ಅಳತೆಯದ್ದು ಇನ್ನೂ ಒಳ್ಳೆಯದು. 450ರ ಅಳತೆ ಎರಡನೇ ಹೆಲಿಗೆ ಸರಿ. 600, 700 ಯಾರಿಗೂ ಮೊದಲ ಹೆಲಿ ಅಲ್ಲ.

ದೊಡ್ಡದು ಹಾರಿಸೋದೇ ಸುಲಭ ಅಂತ ಹೇಳ್ತಾರಲ್ಲ?

ಹೌದು, ಅದು ನಿಜ. ಪೂರ್ತಿ ನಿಜ. ಆದರೂ ಮೊದಲು ಅದನ್ನೇ ತಗೊಳ್ಳಬೇಡಿ ಅನ್ನುತ್ತೇನೆ. ಕಾರಣ ಸ್ವಲ್ಪ ಬಿಡಿಸಿ ಹೇಳಬೇಕು.

ಹೆಲಿಯ ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದರೆ ತೂಕ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ಭಾರ ಜಾಸ್ತಿ ಇರುವುದರಿಂದ ಗಾಳಿ ಬೀಸಿದರೂ ಅದು ಬೇಗ ಅಲುಗುವುದಿಲ್ಲ. ಉದ್ದ ಬ್ಲೇಡ್ ನಿಧಾನವಾಗಿ ಸುತ್ತುತ್ತದೆ, ಸ್ಟಿಕ್ ತಳ್ಳಿದಾಗ ಹೆಲಿ ಮೆತ್ತಗೆ ವಾಲುತ್ತದೆ. ಎಲ್ಲಕ್ಕಿಂತ ಮುಖ್ಯ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಎಂ1 ಸುಮಾರು 20 ಮೀಟರ್ ದೂರ ಹೋದರೆ ಮೂತಿ ಯಾವ ಕಡೆ, ಬಾಲ ಯಾವ ಕಡೆ ಅಂತ ಗೊತ್ತಾಗುವುದು ಕಷ್ಟ. ಸಂಜೆ ಬೆಳಕಿನಲ್ಲಂತೂ ಕಪ್ಪು ಚುಕ್ಕೆ ಅಷ್ಟೇ. 700ನ್ನು ನೂರು ಮೀಟರ್ ದೂರದಲ್ಲೂ ಆರಾಮಾಗಿ ನೋಡಬಹುದು. ಮೋಟರ್ ನಿಂತುಹೋದರೂ ಇಳಿಯುವಾಗ ಕೆಳಗಿನಿಂದ ಬರುವ ಗಾಳಿ ದೊಡ್ಡ ರೋಟರನ್ನು ಸುತ್ತಿಸುತ್ತಲೇ ಇರುತ್ತದೆ, ಆ ಸುತ್ತಿನ ಬಲದಿಂದ ಮೆಲ್ಲಗೆ ಇಳಿಸಬಹುದು. ಇದಕ್ಕೆ ಆಟೊರೊಟೇಶನ್ ಅನ್ನುತ್ತಾರೆ. ಚಿಕ್ಕದರಲ್ಲಿ ಅಷ್ಟು ಸಮಯವೇ ಸಿಗುವುದಿಲ್ಲ.

ಈಗ ಇನ್ನೊಂದು ಮಗ್ಗುಲು. 450ರ ರೋಟರ್ ನಿಮಿಷಕ್ಕೆ 2800 ಸುತ್ತು ಸುತ್ತುತ್ತಿದ್ದರೆ ಬ್ಲೇಡಿನ ತುದಿಯ ವೇಗ ಗಂಟೆಗೆ 370 ಕಿ.ಮೀ. ಹತ್ತಿರ. 700ರದ್ದು ನಿಮಿಷಕ್ಕೆ 2000 ಸುತ್ತಿಗೇ ಸುಮಾರು 590 ಕಿ.ಮೀ. ಹೆಲಿಯ ತೂಕ 5 ಕೆ.ಜಿ. ಆಸುಪಾಸು. ಮಂಡ್ಯದವರಿಗೆ ಇನ್ನೂ ಚೆನ್ನಾಗಿ ಅರ್ಥ ಆಗುವ ಹಾಗೆ ಹೇಳುತ್ತೇನೆ. 12 ಎಸ್ ಬ್ಯಾಟರಿಯ 700 ಹೆಲಿಯನ್ನು ಜೋರಾಗಿ ಮೇಲಕ್ಕೆ ಎಳೆದಾಗ ಮೋಟರ್ 5 ಕಿಲೋವ್ಯಾಟ್‌ಗೂ ಮೀರಿ ಹೀರುತ್ತದೆ. ಬೋರ್‌ವೆಲ್‌ಗೆ ಹಾಕುವ 5 ಎಚ್‌ಪಿ ಪಂಪ್‌ಸೆಟ್ಟಿನ ಶಕ್ತಿ 3.7 ಕಿಲೋವ್ಯಾಟ್. ಅದಕ್ಕಿಂತ ಜಾಸ್ತಿ ಶಕ್ತಿ ಎರಡು ಬ್ಲೇಡಿಗೆ ಸಿಕ್ಕಿ ನಿಮ್ಮ ತಲೆಯ ಮಟ್ಟದಲ್ಲಿ ಸುತ್ತುತ್ತಿರುತ್ತದೆ. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 19 ವರ್ಷದ ಹುಡುಗ ತಾನೇ ಹಾರಿಸುತ್ತಿದ್ದ ದೊಡ್ಡ ಹೆಲಿ ತಗುಲಿ ಸತ್ತ. ಅವನು ಹೊಸಬನೂ ಅಲ್ಲ, ಪಳಗಿದವನು.

ಕಲಿಯುವವರು ಬೀಳಿಸಿಯೇ ಬೀಳಿಸುತ್ತಾರೆ. ಅದು ಕಲಿಕೆಯ ಭಾಗ. ಬೀಳುವುದೇ ಆದರೆ 60 ಗ್ರಾಮಿನದ್ದು ಬೀಳಲಿ, 5 ಕೆ.ಜಿ.ಯದ್ದಲ್ಲ.

ಆಟಿಕೆ ಅಂಗಡಿಯ ಎರಡು ರೋಟರಿನ ಹೆಲಿ ಸಾಲದಾ? ಮಗನಿಗೆ ಕೊಡಿಸಬೇಕು.

ಒಂದರ ಮೇಲೊಂದು ಎರಡು ರೋಟರ್ ಇರುವುದು ತನ್ನಷ್ಟಕ್ಕೆ ತಾನೇ ನೆಟ್ಟಗೆ ನಿಲ್ಲುತ್ತದೆ. ಮನೆಯ ಹಾಲ್‌ನಲ್ಲಿ ಹಾರಿಸಿ ಖುಷಿಪಡಲು ತುಂಬಾ ಚೆನ್ನ. ಸೈಮಾ ಎಸ್107 ಅಂಥದ್ದೇ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕೊಡಿಸಿ, ಖಂಡಿತ ಕೊಡಿಸಿ. ಆದರೆ ಅದರಿಂದ ದೊಡ್ಡ ಹೆಲಿಯ ಕೈಪಳಗು ಬರುವುದಿಲ್ಲ. ಕಿಟಕಿಯ ಗಾಳಿ ಬಂದರೂ ಅದು ತೇಲಿಕೊಂಡು ಹೋಗುತ್ತದೆ.

ಮಗ ಹದಿಮೂರು ಹದಿನಾಲ್ಕು ದಾಟಿದ್ದು, ಕೂತು ಕೆಲಸ ಮಾಡುವ ತಾಳ್ಮೆ ಇದ್ದರೆ ಒಂದು ರೋಟರಿನ, ನಾಲ್ಕು ಚಾನೆಲ್‌ನ ಡಬ್ಲ್ಯುಎಲ್ ಟಾಯ್ಸ್ ವಿ911 ಥರದ್ದರಿಂದ ಶುರು ಮಾಡಿಸಿ. ಅದು ಕಲಿಸುತ್ತದೆ.

ಫಿಕ್ಸೆಡ್ ಪಿಚ್, ಕಲೆಕ್ಟಿವ್ ಪಿಚ್ ಅಂದರೆ ಏನು ವ್ಯತ್ಯಾಸ?

ಫಿಕ್ಸೆಡ್ ಪಿಚ್‌ನಲ್ಲಿ ಬ್ಲೇಡಿನ ಓರೆ ಬದಲಾಗುವುದಿಲ್ಲ. ಮೇಲೇರಬೇಕಾದರೆ ರೋಟರ್ ಜೋರಾಗಿ ಸುತ್ತಬೇಕು, ಇಳಿಯಬೇಕಾದರೆ ನಿಧಾನ ಆಗಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಕಲೆಕ್ಟಿವ್‌ನಲ್ಲಿ ರೋಟರ್ ಒಂದೇ ವೇಗದಲ್ಲಿ ಸುತ್ತುತ್ತಾ ಇರುತ್ತದೆ, ಸರ್ವೋ ಅನ್ನುವ ಪುಟ್ಟ ಮೋಟರುಗಳು ಬ್ಲೇಡಿನ ಓರೆ ಬದಲಿಸುತ್ತವೆ. ಹೇಳಿದ ಕ್ಷಣಕ್ಕೆ ಏರುತ್ತದೆ, ಇಳಿಯುತ್ತದೆ, ತಲೆಕೆಳಗಾಗಿಯೂ ನಿಲ್ಲುತ್ತದೆ. ಬಯಲಿನ ಗಾಳಿಗೆ ಕಲೆಕ್ಟಿವ್ ಪಿಚ್ಚೇ ಬೇಕು. ಈಗ ಬರುವ ಚಿಕ್ಕ ಹೆಲಿಗಳಲ್ಲಿ ತಾನೇ ಸಮ ಮಾಡಿಕೊಳ್ಳುವ ಮೋಡ್ ಇರುವುದರಿಂದ ಹೊಸಬರು ಕಲೆಕ್ಟಿವ್‌ಗೆ ಹೆದರಬೇಕಿಲ್ಲ.

ಡ್ರೋನ್ ಹಾರಿಸಿ ಅಭ್ಯಾಸ ಇದೆ. ನೇರವಾಗಿ 450 ತಗೊಳ್ಳಲಾ?

ಬೇಡ. ಕ್ಯಾಮೆರಾ ಡ್ರೋನ್ ಸ್ಟಿಕ್ ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಹೆಲಿ ನಿಲ್ಲುವುದಿಲ್ಲ. ನಾಲ್ಕು ದಿಕ್ಕನ್ನೂ ಎರಡೂ ಕೈ ಸದಾ ತಿದ್ದುತ್ತಾ ಇರಬೇಕು. ರೇಸಿಂಗ್ ಡ್ರೋನನ್ನು, ತಾನೇ ಸಮ ಮಾಡಿಕೊಳ್ಳದ ಆಕ್ರೊ ಮೋಡಿನಲ್ಲಿ ಹಾರಿಸಿದವರಾದರೆ ಮಾತು ಬೇರೆ, ಬೆರಳು ಆಗಲೇ ಪಳಗಿರುತ್ತದೆ. ಅವರಿಗೂ ಮೂತಿ ತಮ್ಮ ಕಡೆ ತಿರುಗಿದಾಗ ಎಡ ಬಲ ಅದಲುಬದಲಾಗುವುದು ಕಾಡುತ್ತದೆ, ಏಕೆಂದರೆ ಅವರು ಗಾಗಲ್ ಹಾಕಿಕೊಂಡು ಒಳಗಿನಿಂದ ನೋಡಿ ಹಾರಿಸಿದವರು.

ಸಿಮ್ಯುಲೇಟರ್ ಬೇಕೇ ಬೇಕಾ?

ಬೇಕೇ ಬೇಕು. ಒಂದು ಸೈಜ್ ಚಿಕ್ಕ ಹೆಲಿ ತಗೊಂಡಾದರೂ ಉಳಿದ ದುಡ್ಡಿಗೆ ಒಳ್ಳೆಯ ರಿಮೋಟ್, ಸಿಮ್ಯುಲೇಟರ್ ತಗೊಳ್ಳಿ. ರಿಯಲ್‌ಫ್ಲೈಟ್, ನೆಕ್ಸ್ಟ್, ಹೆಲಿ-ಎಕ್ಸ್ ಯಾವುದಾದರೂ ಸರಿ. ರೇಡಿಯೊಮಾಸ್ಟರ್ ಥರದ ರಿಮೋಟನ್ನು ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರಿಗೆ ಸೇರಿಸಿದರೆ ಸಾಕು. ಹೆಲಿ ಬದಲಾದರೂ ಆ ರಿಮೋಟ್ ನಿಮ್ಮ ಜೊತೆ ವರ್ಷಗಟ್ಟಲೆ ಇರುತ್ತದೆ. ಆದರೆ ಹೆಲಿಯ ರಿಸೀವರಿಗೆ ಅದು ಹೊಂದುತ್ತದಾ ಅಂತ ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ.

ಮೊದಲು ಬಾಲ ನಮ್ಮ ಕಡೆ ಇಟ್ಟು ಹೋವರ್, ಅಂದರೆ ಗಾಳಿಯಲ್ಲಿ ಇದ್ದಲ್ಲೇ ನಿಲ್ಲಿಸುವುದು. ಆಮೇಲೆ ಎಡ ಮಗ್ಗುಲು, ಬಲ ಮಗ್ಗುಲು. ಕೊನೆಗೆ ಮೂತಿ ನಮ್ಮ ಕಡೆ. ಇಲ್ಲಿ ಎಲ್ಲರೂ ಒದ್ದಾಡುತ್ತಾರೆ, ಅವಸರ ಬೇಡ. ಸಿಮ್ಯುಲೇಟರಿನಲ್ಲಿ ಮೂತಿ ತಿರುಗಿಸಿಕೊಂಡು ಒಂದು ಪೂರ್ತಿ ಬ್ಯಾಟರಿ ಬೀಳಿಸದೆ ನಿಲ್ಲಿಸಿದ ಮೇಲೆ ಬಯಲಿಗೆ ಬನ್ನಿ.

ಮೈಸೂರಿನಲ್ಲಿ ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಹಾರಿಸಬಹುದಾ?

30x40 ಸೈಟ್ ಅಂದರೆ ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ಪಕ್ಕದಲ್ಲಿ ಮನೆ, ಮೇಲೆ ಕೇಬಲ್, ಎದುರು ರಸ್ತೆ. ಕೆ110 ಅಳತೆಯದ್ದನ್ನು ಅಲ್ಲಿ ಬೆಳಗ್ಗೆ ಹೋವರ್ ಮಾಡಬಹುದು, ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿ. ಪಾರ್ಥೇನಿಯಂ ಬೆಳೆದಿದ್ದರೆ ಮೊದಲು ಕಿತ್ತು ಹಾಕಿ. ಎಂ2 ಅಲ್ಲಿ ಬೇಡ. 450 ಖಂಡಿತ ಬೇಡ, ಬ್ಲೇಡ್ ಮುರಿದರೆ ಚೂರು ಆ ಸೈಟಿನ ಗಡಿ ದಾಟಿ ಹಾರುತ್ತದೆ. ಟೆರೇಸ್ ಮೇಲೆ ಯಾವ ಸೈಜೂ ಬೇಡ.

ಅಕ್ಕಪಕ್ಕ ಜೋಡಿಸಿಕೊಂಡು ನಾಲ್ಕೈದು ಸೈಟ್ ಖಾಲಿ ಇರುವ ಹೊಸ ಬಡಾವಣೆಗಳು ಊರಿನ ಸುತ್ತ ಬೇಕಾದಷ್ಟಿವೆ. ಭಾನುವಾರ ಆರೂವರೆ ಏಳಕ್ಕೆ ಅಲ್ಲಿ ಎಂ1ಗೆ ಸಾಕಷ್ಟು ಜಾಗ ಸಿಗುತ್ತದೆ. ಕಾಲೇಜು ಮೈದಾನ ಆದರೆ ಬಾಯಿಮಾತು ಸಾಲದು, ಲಿಖಿತ ಅನುಮತಿ ತಗೊಳ್ಳಿ. ವಾಕಿಂಗ್ ಬರುವವರು ಇರುವ ಹೊತ್ತಿನಲ್ಲಿ ಬೇಡವೇ ಬೇಡ.

ಮಂಡ್ಯ ಕಡೆ ನಮ್ಮದೇ ಗದ್ದೆ ಇದೆ. ದೊಡ್ಡದು ತಗೊಳ್ಳಬಹುದಲ್ವಾ?

ಜಾಗದ ಲೆಕ್ಕದಲ್ಲಿ ನೀವು ಅದೃಷ್ಟವಂತರು. ಆದರೆ ಗದ್ದೆ ಅಂದ ಮಾತ್ರಕ್ಕೆ ಬಯಲು ಅಲ್ಲ. ನಾಲ್ಕು ವಿಷಯ ನೋಡಿಕೊಳ್ಳಿ.

ಕಬ್ಬು ಪಕ್ಕದಲ್ಲಿದ್ದರೆ ಚಿಕ್ಕ ಹೆಲಿ ಕಳೆದುಹೋಯಿತು ಅಂತಲೇ ಲೆಕ್ಕ. ಆಳೆತ್ತರ ಮೀರಿದ ಕಬ್ಬಿನೊಳಗೆ ಎಂ1 ಬಿದ್ದರೆ ಎರಡು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಸೋಗೆ ಕೈ ಕೊಯ್ಯುತ್ತದೆ, ಹಾವಿನ ಭಯ ಬೇರೆ. ಎದ್ದು ಕಾಣುವ ಹಳದಿ ಅಥವಾ ಕಿತ್ತಳೆ ಬಣ್ಣದ ಕ್ಯಾನೊಪಿ (ಮೂತಿಯ ಹೊದಿಕೆ) ಇಲ್ಲಿ ತುಂಬಾ ಸಹಾಯ ಮಾಡುತ್ತದೆ. ಬಿದ್ದ ತಕ್ಷಣ ಥ್ರಾಟಲ್ ಹೋಲ್ಡ್ (ಮೋಟರ್ ನಿಲ್ಲಿಸುವ ಸ್ವಿಚ್) ಹಾಕಿ, ಆಮೇಲೆ ಬಾಲದ ಸ್ಟಿಕ್ ಅಲ್ಲಾಡಿಸುತ್ತಾ ಬಾಲದ ಸರ್ವೋ ಸದ್ದು ಕೇಳಿ ಹುಡುಕಬಹುದು, ಅದಕ್ಕೆ ಪ್ರತ್ಯೇಕ ಸರ್ವೋ ಇರುವ ಹೆಲಿಯಾದರೆ.

ಡಿಸೆಂಬರ್, ಜನವರಿಯಲ್ಲಿ ಭತ್ತ ಕೊಯ್ಲು ಆದ ಮೇಲೆ ಗದ್ದೆ ಖಾಲಿ ಬೀಳುತ್ತದೆ. ಬೆಳಗಿನ ಗಾಳಿಯೂ ಶಾಂತ. ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೆ ಕೂಳೆ ಚುಚ್ಚಿಕೊಂಡಿರುತ್ತದೆ, ಬಿಡಿ ಹುಲ್ಲು ಹರಡಿರುತ್ತದೆ. ಇಳಿಯುವಾಗ ರೋಟರ್ ಗಾಳಿಗೆ ಆ ಹುಲ್ಲು ಎದ್ದು ಬಾಲದ ರೋಟರಿಗೆ ಸುತ್ತಿಕೊಳ್ಳುತ್ತದೆ. ಟಾರ್ಪಾಲು ಹಾಸಬೇಡಿ, ಅದರ ಅಂಚು ಮೇಲೆದ್ದರೆ ಬ್ಲೇಡಿಗೆ ಸಿಗುತ್ತದೆ. ಒಂದು ಪ್ಲೈವುಡ್ ಹಲಗೆ ಇಟ್ಟುಕೊಳ್ಳಿ. ಕಣ ಇದ್ದರಂತೂ ಅದೇ ಸರಿಯಾದ ಜಾಗ. ಮಣ್ಣಿನಿಂದ ಸುಮ್ನೆ ಎಬ್ಬಿಸಿದರೆ ಧೂಳಿನಲ್ಲಿರುವ ಕಬ್ಬಿಣದ ಕಣಗಳು ಮೋಟರಿನ ಅಯಸ್ಕಾಂತಕ್ಕೆ ಅಂಟುತ್ತವೆ.

ಪಂಪ್‌ಸೆಟ್ಟಿಗೆ ಎಳೆದ ಕರೆಂಟ್ ತಂತಿ ದೂರದಿಂದ ಕಾಣುವುದೇ ಇಲ್ಲ. ಹಾರಿಸುವ ಮುಂಚೆ ಸುತ್ತ ನಡೆದು ಕಂಬ ಎಲ್ಲಿದೆ ನೋಡಿ. ತಂತಿ ಮೇಲೆ, ಟ್ರಾನ್ಸ್‌ಫಾರ್ಮರ್ ಮೇಲೆ ಬಿದ್ದ ಹೆಲಿಯನ್ನು ದೋಟಿ ಹಾಕಿ ತೆಗೆಯಲು ಹೋಗಬೇಡಿ. ಲೈನ್‌ಮನ್‌ಗೆ ಹೇಳಿ.

ಇನ್ನು ಜನ. ಹಳ್ಳಿಯಲ್ಲಿ ಹೆಲಿ ಸದ್ದು ಕೇಳಿದರೆ ಮಕ್ಕಳು ಬದುವಿನ ಮೇಲೆ ಓಡಿ ಬರುತ್ತಾರೆ. ಅವರ ಮೇಲೆ ಕಣ್ಣಿಡಲು ಜೊತೆಗೆ ಒಬ್ಬರು ಬೇಕು. ಒಬ್ಬರೇ ಹೋಗುವವರಾದರೆ ಎಂ2 ಮೀರಿದ್ದನ್ನು ಒಯ್ಯಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಬಿದ್ದರೆ ಎಷ್ಟು ಖರ್ಚು?

ಕೆ110 ಹುಲ್ಲಿನ ಮೇಲೆ ಬಿದ್ದರೆ ಎಷ್ಟೋ ಸಲ ಏನೂ ಆಗುವುದಿಲ್ಲ, ಹೆಚ್ಚೆಂದರೆ ಬ್ಲೇಡ್. 450 ಬಿದ್ದರೆ ಸಾಮಾನ್ಯವಾಗಿ ಮುಖ್ಯ ಬ್ಲೇಡ್, ಮೇನ್ ಶಾಫ್ಟ್, ಫೆದರಿಂಗ್ ಶಾಫ್ಟ್, ಮೇನ್ ಗೇರ್, ಬಾಲದ ಕೊಳವೆ ಒಟ್ಟಿಗೇ ಹೋಗುತ್ತವೆ. 700ರಲ್ಲಿ ಅದೇ ಪಟ್ಟಿ, ಆದರೆ ಒಂದೊಂದರ ಬೆಲೆಯೂ ಹಲವು ಪಟ್ಟು.

ಖರ್ಚಿಗಿಂತ ದೊಡ್ಡದು ಪರೀಕ್ಷೆ. ಹೊರಗಿನಿಂದ ಎಲ್ಲ ಸರಿಯಾಗಿ ಕಂಡರೂ ಫೆದರಿಂಗ್ ಶಾಫ್ಟ್ ಬಾಗಿರಬಹುದು. ರೋಟರ್ ತಲೆಯ ಒಳಗೆ ಅಡ್ಡ ಹಾಯ್ದು ಎರಡೂ ಬ್ಲೇಡಿನ ಹಿಡಿಯನ್ನು ಹೊತ್ತಿರುವ ಸಣ್ಣ ಉಕ್ಕಿನ ಕಡ್ಡಿ ಅದು. ಬಿಚ್ಚಿ, ಒರೆಸಿ, ಕನ್ನಡಿಯ ಮೇಲೆ ಬೆರಳಿನಿಂದ ಉರುಳಿಸಿ. ನೆಟ್ಟಗಿದ್ದರೆ ಸದ್ದಿಲ್ಲದೆ ಉರುಳುತ್ತದೆ. ಬಾಗಿದ್ದರೆ ಟಕ್ ಟಕ್ ಅಂತ ಎದ್ದು ಬೀಳುತ್ತದೆ, ಅಡಿಯಿಂದ ಬೆಳಕು ಕಂಡು ಮರೆಯಾಗುತ್ತದೆ. ಕೂದಲೆಳೆಯಷ್ಟು ಬಾಗಿದ್ದರೂ ಬಿಸಾಕಿ, ತಟ್ಟಿ ನೆಟ್ಟಗೆ ಮಾಡಬೇಡಿ. ಆಮೇಲೆ ಪ್ರತಿ ಸರ್ವೋದ ತೋಳನ್ನು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಕೈಯಲ್ಲಿ ತಿರುಗಿಸಿ. ಎಲ್ಲೋ ಒಂದು ಕಡೆ ಜಾರಿದ ಹಾಗೆ ಬೆರಳಿಗೆ ಗೊತ್ತಾದರೆ ಹಲ್ಲು ಮುರಿದಿದೆ.

ಸೈಜ್ ಆರಿಸುವಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇದು ಮೂರು ಸಲ ಬಿದ್ದರೂ ಸರಿಮಾಡಿಸಿ ಮತ್ತೆ ಹಾರಿಸೋಕೆ ಆಗುತ್ತಾ? ಆಗಲ್ಲ ಅಂದರೆ ಒಂದು ಸೈಜ್ ಕೆಳಗಿಳಿಯಿರಿ. ಬೆಲೆಬಾಳುವ ಹೆಲಿ ಕೈಯಲ್ಲಿದ್ದರೆ ಭಯಕ್ಕೇ ಬೆರಳು ಬಿಗಿಯಾಗುತ್ತದೆ, ಬಿಗಿ ಬೆರಳಿಗೆ ಹೋವರ್ ಬರುವುದಿಲ್ಲ.

ಬ್ಯಾಟರಿ, ಚಾರ್ಜರ್ ಲೆಕ್ಕ ಹೇಗೆ?

ಇದನ್ನು ಎಲ್ಲರೂ ಮರೆಯುತ್ತಾರೆ. ಎಂ1ಗೆ 2 ಎಸ್, ಎಂ2ಗೆ 3 ಎಸ್, 450ಗೆ ರೂಢಿಯಲ್ಲಿ 3 ಎಸ್ 2200 ಎಂಎಎಚ್. 600ಕ್ಕೆ 6 ಎಸ್ ಅಥವಾ 12 ಎಸ್, 700ಕ್ಕೆ 12 ಎಸ್. ಒಂದು ಬ್ಯಾಟರಿಗೆ ನಾಲ್ಕರಿಂದ ಆರು ನಿಮಿಷ ಹಾರಾಟ, ಯಾವ ಸೈಜಾದರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅರ್ಧ ಗಂಟೆ ಹಾರಿಸಲು ಐದರಿಂದ ಎಂಟು ಬ್ಯಾಟರಿ. ಎಂ1 ಆದರೆ ಅಷ್ಟೂ ಜೇಬಿನಲ್ಲಿ ಹಿಡಿಯುತ್ತದೆ. 700 ಆದರೆ ಬ್ಯಾಟರಿಗೆ ಸುರಿದ ದುಡ್ಡಿನಲ್ಲಿ ಇನ್ನೊಂದು ಹೆಲಿ ಬರುತ್ತಿತ್ತು, ಅದಕ್ಕೆ ತಕ್ಕ ಚಾರ್ಜರ್, ಪವರ್ ಸಪ್ಲೈ ಬೇರೆ.

ಈ ಹೆಲಿಗಳಿಗೆ ಹಾಕುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬೇಡಿ. 2200ರಲ್ಲಿ 1760 ಎಂಎಎಚ್‌ವರೆಗೆ ಬಳಸಿ ನಿಲ್ಲಿಸಿ, ರಿಮೋಟಿನಲ್ಲಿ ಟೈಮರ್ ಇಡಿ. ಮನೆಯಲ್ಲಿ ಇಡುವಾಗ ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿನಲ್ಲಿರಲಿ. ಉಬ್ಬಿದ ಬ್ಯಾಟರಿಗೆ ಚಾರ್ಜ್ ಹಾಕಬೇಡಿ, ಚಾರ್ಜ್‌ಗೆ ಹಾಕಿ ಮಲಗಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಕಾರೊಳಗೆ ಬಿಟ್ಟು ಹೋಗಬೇಡಿ.

ಸ್ಕೂಟರಿನಲ್ಲಿ ಒಯ್ಯಬಹುದಾ?

450ರವರೆಗೆ ಪೆಟ್ಟಿಗೆಯಲ್ಲಿಟ್ಟು ಒಯ್ಯಬಹುದು. 600ರಿಂದ ಮೇಲೆ ಕಾರು ಬೇಕು, 700ಕ್ಕೆ ಹಿಂದಿನ ಸೀಟು ಮಡಚಬೇಕು.

ಆಷಾಢದ ಗಾಳಿಯಲ್ಲಿ ಏನು ಮಾಡೋದು?

ಜೂನ್‌ನಿಂದ ಆಗಸ್ಟ್‌ವರೆಗೆ ಚಿಕ್ಕ ಹೆಲಿಯವರಿಗೆ ಬೆಳಗಿನ ಹೊತ್ತೇ ಗತಿ. ಎಂ2, 450ರವರು ಸ್ವಲ್ಪ ಗಾಳಿಯಲ್ಲೂ ಹಾರಿಸಬಹುದು, ಆದರೆ ಕಲಿಯುವಾಗ ಬೇಡ. ಆ ಮೂರು ತಿಂಗಳು ಸಿಮ್ಯುಲೇಟರಿಗೆ ಮೀಸಲಿಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಮಂಗಳೂರಿಗಿಂತ ಗಾಳಿ ಸುಮಾರು 7% ತೆಳು. ಅದಕ್ಕಾಗಿ ಸೈಜ್ ಬದಲಿಸುವ ಅಗತ್ಯ ಇಲ್ಲ.

ಅನುಮತಿ ಬೇಕಾ? ಅದಕ್ಕೂ ಸೈಜಿಗೂ ಸಂಬಂಧ ಇದೆಯಾ?

ನೇರ ಸಂಬಂಧ ಇದೆ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಡ್ರೋನಿಗೆ ಮಾತ್ರ ಅಲ್ಲ, ರಿಮೋಟಿನಲ್ಲಿ ಹಾರುವ ಹೆಲಿಗೂ ಅನ್ವಯ. 250 ಗ್ರಾಮ್‌ವರೆಗೆ ನ್ಯಾನೊ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೊ, ಅಲ್ಲಿಂದ 25 ಕೆ.ಜಿ.ವರೆಗೆ ಸ್ಮಾಲ್. ನ್ಯಾನೊಗೆ ಪೈಲಟ್ ಪ್ರಮಾಣಪತ್ರ ಬೇಡ, ವ್ಯಾಪಾರಕ್ಕಲ್ಲದ ಮೈಕ್ರೊಗೂ ಬೇಡ. ಎಂ1, ಕೆ110 ನ್ಯಾನೊ ಒಳಗೆ ಬರುತ್ತವೆ. ಮುಕ್ಕಾಲು ಕೆ.ಜಿ. ಆಸುಪಾಸಿನ 450 ಮೈಕ್ರೊ. 600, 700 ಎರಡು ಕೆ.ಜಿ. ದಾಟುವುದರಿಂದ ಈ ವಿನಾಯಿತಿ ಅವಕ್ಕೆ ಸಿಗುವುದಿಲ್ಲ. ಹಾರಿಸುವ ಮುಂಚೆ ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯಬೇಕು ಅನ್ನುವುದು ಮೂಲ ನಿಯಮ.

ಇನ್ನು ಜಾಗ. ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ನಮ್ಮ ನಿಲ್ದಾಣ ಮಂಡಕಳ್ಳಿಯಲ್ಲಿದೆ. ಶ್ರೀರಾಂಪುರ, ಜೆ.ಪಿ. ನಗರದ ಕಡೆಯವರು ಇದನ್ನು ಗಮನಿಸಲೇಬೇಕು. ಕೆಆರ್‌ಎಸ್ ಅಣೆಕಟ್ಟು, ಮೇಟಗಳ್ಳಿಯ ನೋಟು ಮುದ್ರಣಾಲಯ, ಅರಮನೆ ಇವುಗಳ ಹತ್ತಿರ ಹೋಗಲೇಬೇಡಿ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರಾ, ಹಳದಿಯಾ, ಕೆಂಪಾ ಅಂತ ಪ್ರತಿ ಸಲ ನೋಡಿ, ನಿಯಮ ಬದಲಾಗಿದೆಯಾ ಅಂತಲೂ ನೋಡಿ. ದಸರಾ ಸಮಯದಲ್ಲಿ ಪೊಲೀಸರ ಆದೇಶ ಕೇಳಿಕೊಂಡೇ ಹೆಲಿ ಹೊರಗೆ ತೆಗೆಯಿರಿ.

ಹೊರದೇಶದಿಂದ ತರಿಸಲಾ?

2022ರ ಫೆಬ್ರವರಿ 9ರಿಂದ ಡ್ರೋನ್ ಆಮದಿಗೆ ನಿಷೇಧ ಇದೆ, ಬಿಡಿಭಾಗಗಳಿಗೆ ಇಲ್ಲ. ಪೂರ್ತಿ ಹೆಲಿ ತರಿಸಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ನಮ್ಮ ದೇಶದ ಅಂಗಡಿಯಲ್ಲಿ ಯಾವುದಕ್ಕೆ ಸ್ಪೇರ್ ಸುಲಭವಾಗಿ ಸಿಗುತ್ತದೋ ಆ ಹೆಲಿ ತಗೊಳ್ಳಿ. ಬ್ಲೇಡಿಗಾಗಿ ತಿಂಗಳುಗಟ್ಟಲೆ ಕಾಯುತ್ತಾ ಕೂತರೆ ಕಲಿತದ್ದೂ ಮರೆತುಹೋಗುತ್ತದೆ.

ಯಾವಾಗ ದೊಡ್ಡ ಸೈಜಿಗೆ ಹೋಗಬಹುದು?

ಈಗಿನ ಹೆಲಿಯಲ್ಲಿ ನಾಲ್ಕೂ ಕಡೆಯ ಹೋವರ್, ಎರಡೂ ದಿಕ್ಕಿನ ಎಂಟರಾಕಾರದ ಸುತ್ತು ಬೀಳಿಸದೆ ಬರಬೇಕು. ಗಾಬರಿಯಾದಾಗ ಬೆರಳು ತಾನಾಗಿಯೇ ಥ್ರಾಟಲ್ ಹೋಲ್ಡ್‌ಗೆ ಹೋಗಬೇಕು. ಅಷ್ಟಾದರೆ 450 ಅಥವಾ 380ರ ಅಳತೆ ತಗೊಳ್ಳಿ. ಬಹಳ ಜನಕ್ಕೆ ಅಲ್ಲೇ ತೃಪ್ತಿ ಸಿಗುತ್ತದೆ, ಅದರಲ್ಲಿ ಕಮ್ಮಿ ಏನಿಲ್ಲ. 600ಕ್ಕೆ ಹೋಗುವ ಮುಂಚೆ ಅದನ್ನು ಹಾರಿಸುವ ಹಿರಿಯರೊಬ್ಬರ ಜೊತೆ ಕೆಲವು ಸಲ ಬಯಲಿಗೆ ಹೋಗಿ ಬನ್ನಿ. ಅವರು ಎಷ್ಟು ದೂರ ನಿಂತು ಎಬ್ಬಿಸುತ್ತಾರೆ, ಯಾವ ನಟ್ಟಿಗೆ ಮತ್ತೆ ಮತ್ತೆ ಕೈ ಹಾಕಿ ನೋಡುತ್ತಾರೆ ಅಂತ ಗಮನಿಸಿ.

ಸೆಕೆಂಡ್ ಹ್ಯಾಂಡ್ 450 ಅಗ್ಗಕ್ಕೆ ಸಿಕ್ಕಿದೆ. ತಗೊಳ್ಳಲಾ?

ರೋಟರ್ ತಲೆಯ ಮೇಲೆ ತೂಕದ ಗುಂಡು ಕಟ್ಟಿದ ಅಡ್ಡ ಕಡ್ಡಿ ಇದ್ದರೆ ಅದು ಹಳೆಯ ಫ್ಲೈಬಾರ್ ಮಾದರಿ. ಸ್ಪೇರ್ ಕಷ್ಟ, ಬಿಡಿ. ಫ್ಲೈಬಾರ್ ಇಲ್ಲದ್ದಾದರೆ ಮೊದಲು ಬ್ಲೇಡ್ ಬಿಚ್ಚಿಸಿ, ಮೋಟರ್ ಓಡಿಸಿ ನಡುಗುತ್ತದಾ ನೋಡಿ. ನಡುಗಿದರೆ ಶಾಫ್ಟ್ ಬಾಗಿರಬಹುದು. ಮೇನ್ ಗೇರಿನ ಪ್ರತಿ ಹಲ್ಲನ್ನೂ ಟಾರ್ಚ್ ಹಾಕಿ ನೋಡಿ. ಬ್ಲೇಡಿನ ಹಿಡಿಯನ್ನು ಅಲ್ಲಾಡಿಸಿ, ಸಡಿಲ ಇರಬಾರದು. ಬ್ಯಾಟರಿಗೆ ಬೆಲೆ ಕಟ್ಟಬೇಡಿ, ಹೊಸದೇ ತಗೊಳ್ಳಬೇಕಾಗುತ್ತದೆ. ಕೊನೆಗೆ ಮಾರುವವರೇ ಒಂದು ಬ್ಯಾಟರಿ ಹಾರಿಸಿ ತೋರಿಸಲಿ. ಹಾರಿಸಿ ತೋರಿಸೋಕೆ ಆಗಲ್ಲ ಅಂದರೆ ಎಷ್ಟೇ ಅಗ್ಗ ಆದರೂ ಬೇಡ, ಆ ದುಡ್ಡಿಗೆ ಹೊಸ ಎಂ1 ಮತ್ತು ಎರಡು ಬ್ಯಾಟರಿಯ ಬೆಲೆ ವಿಚಾರಿಸಿ.